ದೇಹ ಹಾಜರಿದೆ

ನಿದ್ರಾಬಂಧನದ ಕಾಯ್ದೆ ಬಂದ ಹೊಸದರಲ್ಲಿ ಅದನ್ನು ಬೈದವರಿಗಿಂತ ಹೊಗಳಿದವರೇ ಹೆಚ್ಚು. ಜೈಲುಗಳು ಕಾಲಿಡಲು ಜಾಗವಿಲ್ಲದಷ್ಟು ತುಂಬಿದ್ದವು. ವಿಚಾರಣೆಗಾಗಿ ಕಾಯುತ್ತಿದ್ದ ಕೈದಿಗಳು ಪಾಳಿಯ ಮೇಲೆ ಮಲಗುತ್ತಿದ್ದರು. ಅಂಥದರಲ್ಲಿ ಮನುಷ್ಯನ ಮೈಯನ್ನು ತಣ್ಣಗಾಗಿಸಿ, ಔಷಧಿಯ ಬಲದಿಂದ ಜೀವದ ಓಟವನ್ನು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಿ, ತಿಂಗಳುಗಟ್ಟಲೆ ಮಲಗಿಸಿಡಬಹುದು ಎಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಊಟ ಬೇಡ, ಕಾವಲು ಬೇಡ, ಹೊಡೆದಾಟವಿಲ್ಲ. ಮಲಗಿದವನಿಗೆ ಕಾಲವೇ ತಿಳಿಯುವುದಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೋರ್ಟಿನ ದಿನ ಬಂದಿರುತ್ತದೆ. ಇದಕ್ಕಿಂತ ಕರುಣೆಯ ಜೈಲು ಉಂಟೇ ಎಂದು ಪತ್ರಿಕೆಗಳು ಬರೆದವು. ಕೈದಿ ತಾನಾಗಿ ಒಪ್ಪಿದರೆ ಮಾತ್ರ, ಅದೂ ಮೂರು ತಿಂಗಳ ಮಟ್ಟಿಗೆ, ಎಂದು ಕಾಯ್ದೆಯಲ್ಲಿತ್ತು.

ಬೆಟಗೇರಿಯ ಫಕೀರೇಶ ಹೂಗಾರ ಒಪ್ಪಿದ್ದ. ಅವನು ಕ್ರೇನ್ ನಡೆಸುವವನು. ಕಪ್ಪತಗುಡ್ಡದ ಆಚೆ ಗಾಳಿಯಂತ್ರಗಳನ್ನು ನಿಲ್ಲಿಸುವ ಕೆಲಸ ನಡೆದಿದ್ದಾಗ ಒಂದು ರೆಕ್ಕೆ ಅವನ ಕ್ರೇನಿನಿಂದ ಜಾರಿ ಬಿದ್ದು ಇಬ್ಬರು ಸತ್ತರು. ಕುಡಿದು ಕ್ರೇನ್ ನಡೆಸಿದನೆಂದು ಅವನ ಮೇಲೆ ನರಹತ್ಯೆಯ ಕೇಸು ಬಿತ್ತು, ಜಾಮೀನು ಸಿಗಲಿಲ್ಲ. "ಮೂರು ತಿಂಗಳು ಒಂದು ರಾತ್ರಿ ಇದ್ದಂಗ ಹೋಗತಾವಂತ ಅಕ್ಕಾ. ಇಲ್ಲಿ ಸೊಳ್ಳಿ ಕಡಿಸ್ಕೊಂಡು ಕೂಡೂದಕ್ಕಿಂತ ಅದ ಚಲೋ," ಎಂದು ಅಕ್ಕ ನೀಲಗಂಗಾಳಿಗೆ ಹೇಳಿ ಹೆಬ್ಬೆಟ್ಟು ಒತ್ತಿದ.

ಮೂರು ತಿಂಗಳು ಮುಗಿದಾಗ ವಿಚಾರಣೆ ಶುರುವಾಗಿರಲಿಲ್ಲ. ಅವಧಿ ಮುಗಿದ ದಿನ ಕೇಂದ್ರದ ಕಂಪ್ಯೂಟರು, ಮುಂದುವರಿಸಲು ಕೈದಿಯ ಆಕ್ಷೇಪಣೆ ಏನಾದರೂ ಇದೆಯೇ ಎಂದು ನೋಡಿತು. ಇರಲಿಲ್ಲ. ಇನ್ನೂ ಮೂರು ತಿಂಗಳು ಎಂದು ತಾನೇ ಬರೆದುಕೊಂಡಿತು. ಅದಾದ ಮೇಲೆ ಇನ್ನೂ ಮೂರು. ಅತ್ತ ವಿಚಾರಣಾ ಕೋರ್ಟಿನಲ್ಲಿ ಎಚ್ಚರಿದ್ದ ಕೈದಿಗಳು ಗೋಳಾಡುತ್ತಿದ್ದರು, ಅವರ ವಕೀಲರು ಅವಸರಪಡಿಸುತ್ತಿದ್ದರು. ಮಲಗಿದವರ ಕೇಸುಗಳಿಗೆ ಅವಸರವೇನು? ಅವು ಕೆಳಕೆಳಗೆ ಸರಿದವು. ಹೀಗೆ ಎರಡು ವರ್ಷ ಮೀರಿತು.

ಹುಬ್ಬಳ್ಳಿಯ ಹೊರಗೆ ಮೊದಲು ಮೆಣಸಿನಕಾಯಿ ಇಡುತ್ತಿದ್ದ ಶೀತಲ ಗೋದಾಮೊಂದನ್ನು ನಿದ್ರಾಬಂಧನ ಕೇಂದ್ರ ಮಾಡಿದ್ದರು. ಇನ್ನೂರಕ್ಕೂ ಹೆಚ್ಚು ಗಾಜಿನ ಪೆಟ್ಟಿಗೆಗಳು. ಕೆಲಸದವರು ಅವನ್ನು ತೊಟ್ಟಿಲು ಎನ್ನುತ್ತಿದ್ದರು. ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಪ್ರತಿ ತೊಟ್ಟಿಲಿಗೂ ಒಂದೊಂದು ಪರದೆ. ಡಾ. ರೇಷ್ಮಾ ನದಾಫ ಅಲ್ಲಿಯ ನರರೋಗ ತಜ್ಞೆ. ಪರದೆಗಳಲ್ಲಿ ಅವಳು ನೋಡುತ್ತಿದ್ದದ್ದು ಮುಖ್ಯವಾಗಿ ಒಂದೇ: ಮೆದುಳಿನ ನಿಧಾನ ಅಲೆ. ಮೈ ಎಷ್ಟೇ ತಣ್ಣಗಿದ್ದರೂ ಸುಮಾರು ಇಪ್ಪತ್ತು ಸೆಕೆಂಡಿಗೊಮ್ಮೆ ಮೆದುಳಿನ ಈ ತುದಿಯಿಂದ ಆ ತುದಿಗೆ ಒಂದು ಅಲೆ ಹರಿದು ಹೋಗುತ್ತದೆ. ಅದು ಹರಿಯುತ್ತಿರುವವರೆಗೆ ಒಳಗಿನ ಮನುಷ್ಯ, ಅವನ ನೆನಪು, ಅವನ ಸಿಟ್ಟು, ಅವನ ಭಾಷೆ, ಎಲ್ಲ ಇದ್ದಲ್ಲೇ ಇರುತ್ತವೆ. ಅದು ನಿಂತರೆ ಮೈಯನ್ನು ಬೆಚ್ಚಗೆ ಮಾಡಬಹುದು, ಉಸಿರಾಡಿಸಬಹುದು. ಆದರೆ ಎದ್ದವನು ಅವನಾಗಿರುವುದಿಲ್ಲ.

ಫಕೀರೇಶನ ಅಲೆ ನಲವತ್ತು ಸೆಕೆಂಡಿಗೊಮ್ಮೆ ಬರುತ್ತಿತ್ತು. ಹಿಂದಿನ ವಾರ ಅದು ಮೂವತ್ತಿತ್ತು.

ರೇಷ್ಮಾ ನಿರ್ದೇಶಕರ ಕೋಣೆಗೆ ಹೋದಳು.

"ಎಬ್ಬಿಸಬೇಕ್ರಿ ಸರ್. ಇಷ್ಟು ದಿನ ಮಲಗಿಸೂದಕ್ಕ ಈ ಔಷಧ ಮಾಡಿದ್ದಲ್ಲ."

"ನಿದ್ರಾಬಂಧನ ಪ್ರಾಧಿಕಾರದ ಆದೇಶ ಇಲ್ಲದ ಯಾರನ್ನೂ ಎಬ್ಬಿಸೂಹಂಗಿಲ್ಲ, ನಿಮಗ ಗೊತ್ತದ. ಎಬ್ಬಿಸಿದ್ರ ನಾವಿಬ್ರೂ ಒಳಗ ಹೋಗ್ತೀವಿ."

"ಪ್ರಾಧಿಕಾರ ಮತ್ತ ಯಾವಾಗ ಕೂಡ್ತೈತ್ರಿ?"

"ಮುಂದಿನ ತಿಂಗಳ ಕೊನೀಗೆ. ಕೈದಿ ಅರ್ಜಿ ಹಾಕಿದ್ರ ಆವಾಗ ತೊಗೋತಾರ."

"ಕೈದಿ ಮಲಗ್ಯಾನ್ರಿ ಸರ್."

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. "ಕಾಯ್ದೆ ಮಾಡಿದವ್ರನ್ನ ಕೇಳ್ರಿ," ಎಂದಷ್ಟೇ ಹೇಳಿದರು.

ಮಾರನೇ ದಿನ ರಜೆ ಹಾಕಿ ರೇಷ್ಮಾ ಬೆಟಗೇರಿಗೆ ಹೋದಳು. ಫಕೀರೇಶನ ತಾಯಿ ಬಾಳವ್ವ ಪಡಸಾಲೆಯಲ್ಲಿ ಕೂತು ಸೇವಂತಿಗೆ ಹೂವಿನ ಮಾಲೆ ಕಟ್ಟುತ್ತಿದ್ದಳು. ನೀಲಗಂಗಾ ಗದಗಿನ ಮುದ್ರಣಾಲಯವೊಂದರಲ್ಲಿ ಪುಸ್ತಕ ಹೊಲಿಯುವ ಕೆಲಸದವಳು. ಫೋನು ಹೋದೊಡನೆ ಸೈಕಲ್ ಹತ್ತಿ ಬಂದಳು. ಇಬ್ಬರ ಎದುರಿಗೆ ಕೂತು ರೇಷ್ಮಾ ಅಲೆಯ ಸಂಗತಿ ಬಿಡಿಸಿ ಹೇಳಿದಳು.

"ಎಬ್ಬಿಸಿದ್ರ ಉಳೀತಾನೇನ್ರಿ?" ನೀಲಗಂಗಾ ಕೇಳಿದಳು.

"ಸುಳ್ಳು ಹೇಳೂದಿಲ್ರಿ. ಈಗ ಎಬ್ಬಿಸಿದ್ರ ನೂರಕ್ಕ ಎಪ್ಪತ್ತು ಉಳೀತಾನ. ದಿನಾ ಹೋದಂಗ ಅದು ಇಳೀತೈತಿ. ಎಬ್ಬಿಸದಿದ್ರ ಇನ್ನೊಂದು ಎರಡು ವಾರ."

ಬಾಳವ್ವ ಹೂ ಕಟ್ಟುವ ಕೈ ನಿಲ್ಲಿಸಿದಳು. "ನೋಡಬೇ ಡಾಕ್ಟರವ್ವ, ನಾ ತಿಂಗಳಿಗೊಮ್ಮೆ ಬಂದು ಅವನ ಮಾರಿ ನೋಡಿ ಹೋಗ್ತೀನಿ. ಕೂಸು ಮಲಗಿದಂಗ ಮಲಗ್ಯಾನ. ನೋವಿಲ್ಲ, ಹಸಿವಿಲ್ಲ, ಯಾರೂ ಬಡಿಯೂದಿಲ್ಲ. ಎಬ್ಬಿಸಾಕ ಹೋಗಿ ಇದ್ದದ್ದನ್ನೂ ಕಳಕೊಳ್ಳೂದು ಬ್ಯಾಡ."

"ಯವ್ವಾ, ಇದ್ದದ್ದು ಏನೈತಿ ಅಲ್ಲಿ?" ನೀಲಗಂಗಾಳ ದನಿ ಏರಿತು. "ಮಾತಾಡಿಸಿದ್ರ ಮಾತಾಡ್ತಾನೇನು?"

"ಉಸುರಾಡ್ತಾನಲ್ಲ! ನಿನಗ ಅಷ್ಟು ಸಾಲಂಗಿಲ್ಲೇನು?"

ಅವತ್ತೇ ನೀಲಗಂಗಾ ರೇಷ್ಮಾಳ ಜೊತೆ ನೇರ ಧಾರವಾಡಕ್ಕೆ ಹೋಗಿ ಬಾಹುಬಲಿ ಉಪಾಧ್ಯೆ ಎಂಬ ವಕೀಲರನ್ನು ಕಂಡಳು. ಎಪ್ಪತ್ತು ದಾಟಿದ ಮನುಷ್ಯ. ಕಿವಿ ಸ್ವಲ್ಪ ಮಂದ, ಆದರೆ ಬೇಕಾದದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

"ರಿಟ್ ಹಾಕೂಣು ಅಂತೀರಿ. ಹಾಕೂಣು. ಆದ್ರ ಒಂದು ತಿಳ್ಕೋರಿ," ಎಂದರು. "ಹೈಕೋರ್ಟು ಎಲ್ಲದಕ್ಕೂ ರಿಟ್ ಕೊಡೂದಿಲ್ಲ. ಕಾಯ್ದೆದಾಗ ಇನ್ನೊಂದು ದಾರಿ ಇದ್ರ ಮೊದಲ ಆ ದಾರೀಲೆ ಹೋಗ್ರಿ ಅಂತಾರ. ಅದು ತಪ್ಪಲ್ಲ. ಎಲ್ಲಾರೂ ಇಲ್ಲೇ ಓಡಿ ಬಂದ್ರ ಕೆಳಗಿನ ಕೋರ್ಟು, ಪ್ರಾಧಿಕಾರ ಇವೆಲ್ಲ ಯಾಕ ಬೇಕು? ಅದಕ್ಕ ಮೊದಲ ನಾವು ಆ ಬಾಗಲಾ ಬಡದು ಬರಬೇಕು."

"ಅಷ್ಟು ದಿನ ಇಲ್ಲಲ್ರಿ."

"ಇವತ್ತ ಬಡಿಯೂಣು."

ನಿದ್ರಾಬಂಧನ ಪ್ರಾಧಿಕಾರಕ್ಕೆ ಅಂದೇ ಆನ್‌ಲೈನಿನಲ್ಲಿ ಅರ್ಜಿ ಹೋಯಿತು. ಚಹಾ ಕುಡಿದು ಮುಗಿಸುವುದರೊಳಗೆ ಉತ್ತರ ಬಂತು: ಅರ್ಜಿದಾರರು ಕೈದಿಯಲ್ಲ, ಅರ್ಜಿ ಊರ್ಜಿತವಲ್ಲ. ಉಪಾಧ್ಯೆಯವರು ಅದನ್ನು ಎರಡು ಸಲ ಓದಿದರು. "ಚಲೋ ಆತು," ಎಂದರು. ನೀಲಗಂಗಾಳಿಗೆ ಅದರಲ್ಲಿ ಚಲೋ ಯಾವುದೆಂದು ಆಗ ತಿಳಿಯಲಿಲ್ಲ.

ಅವರು ಹಾಕಿದ್ದು ಹೇಬಿಯಸ್ ಕಾರ್ಪಸ್, ಎಂದರೆ ‘ದೇಹವನ್ನು ಹಾಜರುಪಡಿಸಿ’ ಎಂಬ ಅರ್ಜಿ. ಬಂಧನದಲ್ಲಿಟ್ಟವನನ್ನು ನಮ್ಮ ಮುಂದೆ ತಂದು ನಿಲ್ಲಿಸಿ, ಯಾವ ಅಧಿಕಾರದಿಂದ ಹಿಡಿದಿಟ್ಟಿದ್ದೀರಿ ಹೇಳಿ ಎಂದು ಕೋರ್ಟು ಸರ್ಕಾರಕ್ಕೆ ಕೊಡುವ ಆಜ್ಞೆ ಅದು. ರೇಷ್ಮಾ ತನ್ನ ಹೆಸರಿನಲ್ಲಿ ಪ್ರಮಾಣಪತ್ರ ಕೊಟ್ಟಳು. ಕೊಟ್ಟ ದಿನವೇ ಅವಳಿಗೆ ಇಲಾಖೆಯಿಂದ ಶಿಸ್ತುಕ್ರಮದ ನೋಟಿಸು ಬಂತು. ಅದನ್ನು ಅವಳು ಮಡಚಿ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಅಲೆ ಐವತ್ತು ಸೆಕೆಂಡಿಗೆ ಬಂದಿತ್ತು.

ಕೈದಿಯನ್ನು ಹಾಜರುಪಡಿಸಲು ಹೈಕೋರ್ಟು ಆಜ್ಞೆ ಕೊಟ್ಟಿತು. ವಿಚಾರಣೆಯ ದಿನ ಸರ್ಕಾರ ಅದನ್ನು ಅಕ್ಷರಶಃ ಪಾಲಿಸಿತು. ಬ್ಯಾಟರಿ ಹೊತ್ತ ವ್ಯಾನಿನಲ್ಲಿ ತೊಟ್ಟಿಲನ್ನೇ ಧಾರವಾಡಕ್ಕೆ ತಂದು, ಗಾಲಿಗಳ ಮೇಲೆ ತಳ್ಳಿಕೊಂಡು ಕೋರ್ಟ್ ಹಾಲಿನ ನಡುವೆ ನಿಲ್ಲಿಸಿತು. ಗಾಜಿನೊಳಗೆ ಮಂಜಿನ ತೆಳು ಪದರ. ಅದರ ಹಿಂದೆ ಮುಖ. ಕಪ್ಪು ಕೋಟಿನ ವಕೀಲರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು. ರೇಷ್ಮಾ ತೊಟ್ಟಿಲಿನ ಪಕ್ಕ ಚಿಕ್ಕ ಪರದೆ ಹಿಡಿದು ನಿಂತಿದ್ದಳು. ಬರಬೇಡ ಎಂದರೂ ಕೇಳದೆ ಬಂದಿದ್ದ ಬಾಳವ್ವ ಹಿಂದಿನ ಬೆಂಚಿನ ತುದಿಯಲ್ಲಿ, ಮಗಳಿಂದ ದೂರ, ಕೂತಿದ್ದಳು.

ಇಬ್ಬರು ನ್ಯಾಯಮೂರ್ತಿಗಳ ಪೀಠ. ಹಿರಿಯರು ನ್ಯಾಯಮೂರ್ತಿ ಬೋಜಮ್ಮ, ಕೊಡಗಿನವರು. ಅವರು ಕನ್ನಡಕದ ಮೇಲಿಂದ ತೊಟ್ಟಿಲನ್ನು ನೋಡಿದರು.

ಸರ್ಕಾರಿ ವಕೀಲರು ಎದ್ದರು. "ಮಾನ್ಯರೇ, ದೇಹವನ್ನು ಹಾಜರುಪಡಿಸಿ ಎಂದಿದ್ದಿರಿ. ದೇಹ ಹಾಜರಿದೆ. ಬಂಧನ ಕಾನೂನಿನಂತಿದೆ, ಕೈದಿಯ ಒಪ್ಪಿಗೆಯಿದೆ. ತೊಂದರೆಯಿದ್ದರೆ ಪ್ರಾಧಿಕಾರವಿದೆ, ಅದರ ಮೇಲೆ ಮೇಲ್ಮನವಿಯೂ ಇದೆ. ಶಾಸನಸಭೆ ಯೋಚಿಸಿ ಮಾಡಿದ ದಾರಿ ಅದು. ಅದನ್ನು ಬಿಟ್ಟು ರಿಟ್ ಕೊಟ್ಟರೆ ನಾಳೆ ಇನ್ನೂರು ಜನ ಇಲ್ಲಿಗೇ ಬರುತ್ತಾರೆ. ಎಬ್ಬಿಸುವುದು ವೈದ್ಯಕೀಯ ವಿಷಯ. ಅದನ್ನು ತಜ್ಞರ ಪ್ರಾಧಿಕಾರ ತೀರ್ಮಾನಿಸಬೇಕೇ ಹೊರತು ನ್ಯಾಯಾಲಯವಲ್ಲ."

"ನಿಮ್ಮ ಮಾತು ಸಣ್ಣದಲ್ಲ," ಎಂದರು ಬೋಜಮ್ಮ. "ಈ ಅಧಿಕಾರ ನಮಗಿದೆ ಎಂಬ ಒಂದೇ ಕಾರಣಕ್ಕೆ ನಾವು ಅದನ್ನು ಬಳಸಬಾರದು. ಉಪಾಧ್ಯೆಯವರೇ?"

ಉಪಾಧ್ಯೆ ನಿಧಾನಕ್ಕೆ ಎದ್ದು ನಿಂತರು. "ಮಾನ್ಯರೇ, ಸರ್ಕಾರಿ ವಕೀಲರು ಹೇಳಿದ ದಾರಿಯಲ್ಲೇ ನಾವು ಮೊದಲು ಹೋದೆವು. ಅವರಿಗೆ ನಾನು ಮೂರು ಪ್ರಶ್ನೆ ಕೇಳಬಯಸುತ್ತೇನೆ. ಅನುಮತಿ ಕೊಡಬೇಕು."

"ಕೇಳಿ."

"ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕಾದವರು ಯಾರು?"

"ಕೈದಿ," ಎಂದರು ಸರ್ಕಾರಿ ವಕೀಲರು.

"ಅರ್ಜಿ ಹಾಕಲು ಅವನು ಎಚ್ಚರವಿರಬೇಕಲ್ಲ. ಅವನನ್ನು ಎಬ್ಬಿಸುವವರು ಯಾರು?"

"ಪ್ರಾಧಿಕಾರ."

"ಯಾವಾಗ?"

ಸರ್ಕಾರಿ ವಕೀಲರು ಬಾಯಿ ತೆರೆದರು. ಕೈಯಲ್ಲಿದ್ದ ಕಾಯ್ದೆಯ ಪುಸ್ತಕವನ್ನು ನೋಡಿದರು, ಹಾಳೆ ತಿರುವಿದರು. "ಕೈದಿಯ... ಅರ್ಜಿ ಬಂದಾಗ," ಎಂದು ಕೊನೆಗೆ ಅವರೇ ಹೇಳಿದರು. ಹೇಳಿದ ಮೇಲೆ ಅವರ ಕಿವಿ ಕೆಂಪಾಯಿತು.

ಅಷ್ಟರಲ್ಲಿ ರೇಷ್ಮಾ, ಅನುಮತಿ ಕೇಳುವುದನ್ನೂ ಮರೆತು, "ಮೇಡಮ್, ಒಂದು ನಿಮಿಷ ದಾಟೇತಿ," ಎಂದುಬಿಟ್ಟಳು. ಎಲ್ಲರೂ ಅವಳತ್ತ ತಿರುಗಿದರು. ಅವಳು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಅಲೆ ಬಂದಿಲ್ಲ... ಬಂತು. ಈಗ ಬಂತು. ಎಪ್ಪತ್ತು ಸೆಕೆಂಡು. ಪ್ರಯಾಣದಲ್ಲಿ ಕುಲುಕಾಡಿ ಇನ್ನೂ ನಿಧಾನವಾಗಿದೆ. ತೊಂಬತ್ತು ದಾಟಿದರೆ ಅದು ಮತ್ತೆ ಬರುವುದಿಲ್ಲ."

"ಎಷ್ಟು ಹೊತ್ತಿದೆ?"

"ನಾಳೆಯವರೆಗೆ ಇರಬಹುದು. ಭರವಸೆ ಕೊಡಲಾರೆ."

ಬೋಜಮ್ಮ ಪಕ್ಕದ ನ್ಯಾಯಮೂರ್ತಿಯ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಕೋರ್ಟಿನ ಜವಾನನತ್ತ ತಿರುಗಿದರು. "ಕೈದಿಯ ಹೆಸರು ಕೂಗಿ."

ಹೈಕೋರ್ಟಿನಲ್ಲಿ ಹಾಗೆ ಹೆಸರು ಕೂಗುವ ರೂಢಿಯಿಲ್ಲ. ಕೆಂಪು ಪಟ್ಟಿಯ ಜವಾನ ಒಂದು ಗಳಿಗೆ ತಬ್ಬಿಬ್ಬಾಗಿ, ಗಂಟಲು ಸರಿಮಾಡಿಕೊಂಡು ಕೂಗಿದ. "ಫಕೀರೇಶ ಹೂಗಾರ!" ಮೊದಲ ಸಲ. ಎರಡನೇ ಸಲ. ಮೂರನೇ ಸಲ ಅವನ ದನಿಯೇ ಇಳಿದಿತ್ತು. ತೊಟ್ಟಿಲಿನ ಮೋಟರು ಗುಂಯ್‌ಗುಟ್ಟುತ್ತಲೇ ಇತ್ತು.

"ಗುಮಾಸ್ತರೇ, ಏನು ಬರೆದುಕೊಂಡಿರಿ? ಹಾಜರೋ, ಗೈರುಹಾಜರೋ?"

ಗುಮಾಸ್ತ ಪೆನ್ನು ಎತ್ತಿ ಹಿಡಿದೇ ಕೂತಿದ್ದ. "ತಿಳೀವಲ್ದು, ಮೇಡಮ್," ಎಂದ.

"ನಮಗೂ ಅದೇ ಕಷ್ಟ," ಎಂದರು ಬೋಜಮ್ಮ. ಆಮೇಲೆ ದನಿ ತಗ್ಗಿಸಿದರು. "ಆದರೆ ಎಬ್ಬಿಸುವಾಗಲೇ ಈ ಜೀವ ಹೋಗಬಹುದು ಎಂದು ವೈದ್ಯರು ಬರೆದಿದ್ದಾರೆ. ಆ ಆಜ್ಞೆಗೆ ಸಹಿ ಹಾಕುವುದು ನಮ್ಮ ಕೈ. ಅವನನ್ನು ಕೇಳಲು ಸಾಧ್ಯವಿಲ್ಲ. ಅವನ ಮನೆಯವರು ಇದ್ದಾರೆಯೇ?"

ನೀಲಗಂಗಾ ಎದ್ದಳು. ಅವಳು ಹಿಂದೆ ತಿರುಗಿ ತಾಯಿಯನ್ನು ನೋಡಿದಳು.

ಬಾಳವ್ವ ಆಗಲೇ ಎದ್ದು ನಿಂತಿದ್ದಳು. ಸೆರಗಿನ ತುದಿ ಕೈಯಲ್ಲಿ ಮುದುಡಿ ಹೋಗಿತ್ತು. "ನಾ ಬ್ಯಾಡ ಅಂದಾಕಿರಿ," ಎಂದಳು. "ನನ್ನ ಮಗ ಕಣ್ಮುಂದ ಅದಾನಲ್ಲ, ಸಾಕು ಅಂದಾಕಿ. ಈಗ ಆ ಜವಾನಪ್ಪ ಮೂರು ಸರತಿ ಒದರಿದ. ಅವ ಸಣ್ಣಾಂವ ಇದ್ದಾಗ ಓಣಿ ತುದಿಗೆ ನಿಂತು ಒಂದು ಸರತಿ ಒದರಿದ್ರ ಸಾಕಿತ್ರಿ, ಯಾವ ಮೂಲ್ಯಾಗಿದ್ರೂ ಓ ಅಂತಿದ್ದ." ಅವಳು ಉಸಿರೆಳೆದುಕೊಂಡಳು. "ಎಬ್ಬಿಸ್ರಿ. ಸತ್ರ ಸತ್ತಾನಂತ ಅಳ್ತೀನಿ. ಹಿಂಗಿದ್ರ ನನಗ ಅಳಾಕೂ ಬರವಲ್ದು."

ಪೀಠ ಎದ್ದು ಒಳಗೆ ಹೋಗಿ ಅರ್ಧ ಗಂಟೆಯಲ್ಲಿ ಮರಳಿತು. ಬೋಜಮ್ಮ ಆದೇಶವನ್ನು ಬಾಯಲ್ಲೇ ಹೇಳಿ ಬರೆಸಿದರು. ಸಾಮಾನ್ಯ ಪರಿಹಾರ ಇರುವಲ್ಲಿ ಈ ನ್ಯಾಯಾಲಯ ಕೈಹಾಕುವುದಿಲ್ಲ, ಹಾಕಲೂ ಬಾರದು. ಆದರೆ ಕಾಲು ಕಟ್ಟಿ ಮಲಗಿಸಿ, ಬಾಗಿಲು ತೆರೆದಿದೆ ನಡೆದು ಬಾ ಎಂದರೆ ಅದು ಪರಿಹಾರವಲ್ಲ. ಮನುಷ್ಯ ಹೋದ ಮೇಲೆ ಬರುವ ಪರಿಹಾರವೂ ಪರಿಹಾರವಲ್ಲ. ಮೂರು ತಿಂಗಳಿಗೆ ಕೊಟ್ಟ ಒಪ್ಪಿಗೆ ಮೂರು ತಿಂಗಳಿಗೇ ಮುಗಿಯಿತು. ಅಲ್ಲಿಂದಾಚೆಗೆ ಅವನ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವ ಹಕ್ಕು ಯಾರಿಗೂ ಇರಲಿಲ್ಲ. ಡಾ. ನದಾಫ ಅವರ ಉಸ್ತುವಾರಿಯಲ್ಲಿ ಈ ಕ್ಷಣದಿಂದಲೇ ಎಬ್ಬಿಸುವ ಕೆಲಸ ಶುರುವಾಗಲಿ. ಮಾತಾಡಬಲ್ಲವನಾದ ಕೂಡಲೇ ಅವನನ್ನು ಇಲ್ಲಿ ಹಾಜರುಪಡಿಸಿ. "ಈ ಸಲ," ಎಂದು ಅವರು ಸರ್ಕಾರಿ ವಕೀಲರತ್ತ ನೋಡಿದರು, "ಬರೀ ದೇಹವನ್ನಲ್ಲ."

ವ್ಯಾನು ಹುಬ್ಬಳ್ಳಿಯ ದಾರಿಯಲ್ಲಿದ್ದಾಗಲೇ ರೇಷ್ಮಾ ಔಷಧಿಯ ಪ್ರಮಾಣ ಇಳಿಸತೊಡಗಿದ್ದಳು.

ನಿಯಂತ್ರಣ ಕೊಠಡಿಯ ಗಾಜಿನಾಚೆ ತಾಯಿ ಮಗಳು ಒಂದೇ ಬೆಂಚಿನ ಮೇಲೆ ಕೂತರು. ಮೈ ಬಿಸಿಯನ್ನು ಡಿಗ್ರಿ ಡಿಗ್ರಿಯಾಗಿ ಏರಿಸಬೇಕು. ಬೇಗ ಏರಿಸಿದರೆ ಹೃದಯ ತಾಳ ತಪ್ಪುತ್ತದೆ, ತಡವಾದರೆ ಅಲೆ ನಿಲ್ಲುತ್ತದೆ. ಇಪ್ಪತ್ತೆಂಟು ಡಿಗ್ರಿಗೆ ಬಂದಾಗ ಹೃದಯ ಎಡವಿತು. ರೇಷ್ಮಾ ಏರಿಕೆ ನಿಲ್ಲಿಸಿದಳು. ಅಲೆ ಎಂಬತ್ತು ಸೆಕೆಂಡಿಗೆ ಹೋಯಿತು.

"ಇನ್ನೂ ಕಾಯೂಣೇನ್ರಿ?" ಸಹಾಯಕ ಕೇಳಿದ.

"ಕಾದ್ರ ಮುಗೀತು. ಏರಿಸ್ರಿ."

ಮೂವತ್ತರ ಹತ್ತಿರ ಅಲೆ ನಿಂತೇಬಿಟ್ಟಿತು. ಪರದೆಯ ಮೇಲೆ ಗೆರೆ ಬರೀ ಗೆರೆಯಾಗಿ ಓಡಿತು. ತೊಂಬತ್ತು ಸೆಕೆಂಡು ದಾಟಿತು. ಯಾವಾಗ ಬಂದರೋ, ನಿರ್ದೇಶಕರು ರೇಷ್ಮಾಳ ಹಿಂದೆ ಬಂದು ನಿಂತಿದ್ದರು. "ಎಚ್ಚರಿಸೋ ಮದ್ದು ಒಂದೇ ಸಲಕ್ಕ ಪೂರಾ ಕೊಡ್ರಿ," ಎಂದರು. "ಅದು ನಿಯಮದಾಗ ಇಲ್ರಿ ಸರ್." "ಕೊಡ್ರಿ. ನಾ ಬರದು ಕೊಡ್ತೀನಿ." ರೇಷ್ಮಾ ಕೊಟ್ಟಳು. ಗೆರೆ ಹಾಗೆಯೇ ಓಡಿತು. ಅವಳು ಕುರ್ಚಿಯ ಹಿಡಿಕೆ ಹಿಡಿದುಕೊಂಡಳು. ಗಾಜಿನಾಚೆಗೆ ನೋಡುವ ಧೈರ್ಯವಾಗಲಿಲ್ಲ.

ಆಮೇಲೆ ಗೆರೆಯ ಮೇಲೆ ಒಂದು ಸಣ್ಣ ಉಬ್ಬು ಕಂಡಿತು. ಯಂತ್ರದ ಗದ್ದಲವಿರಬೇಕು ಎಂದುಕೊಂಡಳು. ಇನ್ನೊಂದು ಬಂತು. ಮತ್ತೆರಡು ಬಂದವು. ಅದು ನಿದ್ದೆಯ ಉದ್ದ ಅಲೆಯಾಗಿರಲಿಲ್ಲ. ಎಚ್ಚರಕ್ಕೆ ಹತ್ತಿರವಾದ ಮೆದುಳಿನ ಚಿಕ್ಕಚಿಕ್ಕ, ಅಂಕುಡೊಂಕು ಅಲೆಗಳು, ಒಂದರ ಹಿಂದೊಂದು ನುಗ್ಗಿ ಬರುತ್ತಿದ್ದವು.

ಮಾರನೇ ಬೆಳಿಗ್ಗೆ ಫಕೀರೇಶ ಕಣ್ಣು ತೆರೆದ. ತುಟಿ ಒಡೆದಿತ್ತು. ನೀರು ಎಂದು ಸನ್ನೆ ಮಾಡಿದ. ಹತ್ತಿಯಲ್ಲಿ ಅದ್ದಿ ತುಟಿಗೆ ಒತ್ತಿದರು. ಬಹಳ ಹೊತ್ತಿನ ಮೇಲೆ, ಮಣ್ಣು ಕೆರೆದಂಥ ದನಿಯಲ್ಲಿ, "ಮೂರು ತಿಂಗಳಾತೇನ್ರಿ? ಕೋರ್ಟಿನ ದಿನ ಬಂತೇನು?" ಎಂದು ಕೇಳಿದ.

ಎರಡು ವರ್ಷ ಮೀರಿತೆಂದು ಹೇಳಿದವಳು ನೀಲಗಂಗಾ. ಅವನ ಕೈ ಹಿಡಿದುಕೊಂಡು, ಸುತ್ತುಬಳಸದೆ ಹೇಳಿದಳು. ಅವನು ಅಕ್ಕನ ಮುಖ, ತಾಯಿಯ ಮುಖ ನೋಡಿದ. ತಾಯಿಯ ಬಾಯಲ್ಲಿ ಎರಡು ಹಲ್ಲು ಇರಲಿಲ್ಲ. ಅದನ್ನು ನೋಡಿದ ಮೇಲೆ ಅವನು ನಂಬಿದ. ಗೋಡೆಯ ಕಡೆ ಹೊರಳಲು ನೋಡಿದ, ಆಗಲಿಲ್ಲ.

ವಾರದ ಮೇಲೆ ಗಾಲಿಕುರ್ಚಿಯಲ್ಲಿ ಅವನನ್ನು ಪೀಠದ ಮುಂದೆ ತಂದರು.

"ನನಗ ಒಂದು ಹೇಳೂದೈತ್ರಿ," ಎಂದ ಅವನು, ಯಾರೂ ಕೇಳುವ ಮೊದಲೇ. "ನಾ ಅವತ್ತು ಕುಡದಿದ್ದಿಲ್ರಿ. ಗಾಳಿ ಜೋರಿತ್ತು. ರೆಕ್ಕಿ ಇಳಸ್ತೀನಿ ಅಂತ ಎರಡು ಸಲ ವಾಕಿಟಾಕಿದಾಗ ಹೇಳಿದೆ. ಕಂಪನಿಯವ್ರು ಏರಸು ಅಂದ್ರು."

ಬೋಜಮ್ಮ ಮೆಲ್ಲಗೆ ಕೈಯೆತ್ತಿ ತಡೆದರು. "ನೋಡಿ, ನೀವು ಅಪರಾಧಿಯೋ ಅಲ್ಲವೋ ತೀರ್ಮಾನಿಸುವುದು ನಾವಲ್ಲ. ನಿಮ್ಮನ್ನು ಬಿಡುಗಡೆ ಮಾಡುವುದೂ ಇವತ್ತಿನ ನಮ್ಮ ಕೆಲಸವಲ್ಲ. ನಿಮ್ಮ ಕೇಸು ಗದಗಿನ ಕೋರ್ಟಿನಲ್ಲಿದೆ. ಜಾಮೀನು ಅಲ್ಲಿ ಕೇಳಬೇಕು, ಈ ಮಾತನ್ನು ಅಲ್ಲಿ ಹೇಳಬೇಕು. ಅಲ್ಲಿಯವರೆಗೆ ಜೈಲಿನಲ್ಲಿರಬೇಕು. ಎಚ್ಚರವಾಗಿ. ಒಪ್ಪಿಗೆಯೇ?"

"ಹೇಳಾಕ ಬಾಯಿ ಕೊಟ್ರಲ್ರಿ," ಎಂದ ಫಕೀರೇಶ. "ಉಳದದ್ದು ನಾ ನೋಡ್ಕೋತೀನಿ."

ತಾನಾಗಿ ಅವಧಿ ಬೆಳೆಯುವ ನಿಯಮವನ್ನು ಪೀಠ ರದ್ದು ಮಾಡಿತು. ಉಳಿದವರನ್ನೂ ಸರದಿಯ ಮೇಲೆ ಎಬ್ಬಿಸಿ ಕೇಳಬೇಕೆಂದಿತು. ಎದ್ದವರಲ್ಲಿ ಕೆಲವರು ಜೈಲಿನ ಕೋಣೆಯನ್ನು ಕಂಡು, ಮತ್ತೆ ಮಲಗಿಸಿರಿ ಎಂದರು. ಇಬ್ಬರು ಏಳಲೇ ಇಲ್ಲ. ರೇಷ್ಮಾಳ ಮೇಲಿನ ನೋಟಿಸು ಇನ್ನೂ ಇತ್ಯರ್ಥವಾಗಿರಲಿಲ್ಲ. ಅವಳೇ ಆ ಇಬ್ಬರ ಮನೆಗೂ ಹೋಗಿ ಬಂದಳು. ಒಂದು ಮನೆಯಲ್ಲಿ ಕೂಡಿಸಿ ನೀರು ಕೊಟ್ಟರು, ಇನ್ನೊಂದರಲ್ಲಿ ಬಾಗಿಲು ಹಾಕಿಕೊಂಡರು.

ಗದಗಿನ ಕೋರ್ಟಿನಲ್ಲಿ ಎಲ್ಲವೂ ಎಂದಿನಂತೆ ನಡೆಯಿತು. ಒಮ್ಮೆ ನ್ಯಾಯಾಧೀಶರು ರಜೆಯಲ್ಲಿದ್ದರು, ಒಮ್ಮೆ ಎದುರು ವಕೀಲರು ಬರಲಿಲ್ಲ. ಪ್ರತಿ ತಾರೀಖಿಗೂ ಫಕೀರೇಶ ಕಟಕಟೆಯಲ್ಲಿ ನಿಂತು ಗಾಳಿಯ ಮಾತು, ವಾಕಿಟಾಕಿಯ ಮಾತು ಹೇಳಿದ. ಕಂಪನಿಯವರು ಅಂದಿನ ಧ್ವನಿಮುದ್ರಣ ತಂದೊಪ್ಪಿಸಬೇಕೆಂದು ಆದೇಶವಾಯಿತು. ಮಳೆಗಾಲ ಶುರುವಾಗುವ ಹೊತ್ತಿಗೆ ಜಾಮೀನು ಸಿಕ್ಕಿತು.

ಮನೆಗೆ ಬಂದ ದಿನ ಮಧ್ಯಾಹ್ನ ಬಾಳವ್ವ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಮಾಡಿದ್ದಳು. ಅವನು ಐದು ರೊಟ್ಟಿ ತಿಂದು, ಅಕ್ಕನ ಜೊತೆ ಕಂಪನಿಯವರನ್ನು ಬೈಯುತ್ತಾ ಪಡಸಾಲೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿದ. ಬೈಯುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಕಣ್ಣು ಮುಚ್ಚಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ನೀಲಗಂಗಾ ತಟ್ಟೆ ಎತ್ತುತ್ತಿದ್ದವಳು ಹಾಗೆಯೇ ನಿಂತಳು. ಬಾಳವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಇಬ್ಬರೂ ಅವನ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತ ನಿಂತರು. ಮಗಳು ಬೇಡವೆಂದು ಕೈಸನ್ನೆ ಮಾಡಿದಳು. ಬಾಳವ್ವನಿಗೆ ತಡೆಯಲಾಗಲಿಲ್ಲ. ಬಗ್ಗಿ ಅವನ ಭುಜ ಹಿಡಿದು ಅಲುಗಿಸಿದಳು.

"ಪಕ್ಯಾ! ಏ ಪಕ್ಯಾ!"

"ಓ," ಎಂದ ಅವನು ಗಡಬಡಿಸಿ. ಕಣ್ಣು ಬಿಟ್ಟು ಇಬ್ಬರನ್ನೂ ನೋಡಿದ. "ಏನವ್ವಾ? ಏನಾತು? ಈಗರ ಕಣ್ ಹತ್ತಿದ್ವು."

"ಏನಿಲ್ಲಪ್ಪಾ," ಎಂದಳು ಬಾಳವ್ವ. ಚಾಪೆಯ ಪಕ್ಕದಲ್ಲಿ ನೆಲಕ್ಕೆ ಕೂತು, ಅವನ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು. "ಮಲಕೋ."